ಮಿಲ್‌ಗಾಸ್ ತಗೊಳ್ಳೋದಾ, ಬೇರೆ ನೋಡೋದಾ? ಅಯಸ್ಕಾಂತಕ್ಕೆ ಜಗ್ಗದ ವಾಚುಗಳ ಲೆಕ್ಕಾಚಾರ

ತಾತನ ಕೀ ಕೊಡೋ ವಾಚು ನನ್ನ ಕೈಗೆ ಬಂದ ಹೊಸದರಲ್ಲಿ ದಿನಕ್ಕೆ ಒಂದು ನಿಮಿಷ ಆಚೀಚೆ ಆಗ್ತಿತ್ತು ಅಷ್ಟೇ, ಆ ವಯಸ್ಸಿನ ವಾಚಿಗೆ ಅದು ಒಳ್ಳೆ ಲೆಕ್ಕವೇ. ಒಂದು ವಾರ ಅದಕ್ಕೆ ಏನಾಯ್ತೋ ಏನೋ, ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡೋಕೆ ಶುರು. ಮೈಸೂರಲ್ಲಿ ನಮಗೆ ಗೊತ್ತಿರೋ ಒಬ್ಬ ಹಳೇ ವಾಚ್ ರಿಪೇರಿಯವರ ಹತ್ರ ತಗೊಂಡ್ಹೋದೆ. ಅವರು ಬಿಚ್ಚಲೇ ಇಲ್ಲ. ಡ್ರಾಯರ್‌ನಿಂದ ಒಂದು ಪುಟ್ಟ ದಿಕ್ಸೂಚಿ ತೆಗೆದು ವಾಚಿನ ಪಕ್ಕ ಇಟ್ರು, ಅದರ ಮುಳ್ಳು ಸರ್‍ರಂತ ತಿರುಗಿ ವಾಚಿನ ಕಡೆ ನಿಂತುಬಿಡ್ತು. "ರಾತ್ರಿ ಎಲ್ಲಿಡ್ತೀರಾ ಸಾರ್ ಇದನ್ನ?" ಅಂದ್ರು. ಸ್ಪೀಕರ್ ಮೇಲೆ ಅಂದೆ. ನಕ್ಕು, ಕರೆಂಟಿಗೆ ಹಾಕಿದ, ಹಿಡಿದ ಕಾಂತ ಬಿಡಿಸೋ ಒಂದು ನೀಲಿ ಡಬ್ಬಿ ಮೇಲೆ ವಾಚಿಟ್ಟು, ಕೆಂಪು ಬಟನ್ ಒತ್ತಿ ಹಿಡಿದು, ವಾಚನ್ನ ಮೆಲ್ಲಗೆ ಒಂದು ಮೊಳ ಮೇಲಕ್ಕೆ ಎತ್ತಿ, ಆಮೇಲೆ ಬಟನ್ ಬಿಟ್ರು. ಹತ್ತು ಸೆಕೆಂಡಿನ ಕೆಲಸ. ದುಡ್ಡೂ ಬೇಡ ಅಂದ್ರು.

ಈ ಕತೆ ಯಾಕೆ ಮೊದಲೇ ಹೇಳ್ದೆ ಅಂದ್ರೆ, ಈಚೆಗೆ ನನ್ನ ಗೆಳೆಯರಲ್ಲಿ ಇಬ್ಬರು ಮೂರು ಜನ ಒಂದೇ ಪ್ರಶ್ನೆ ಹಿಡ್ಕೊಂಡು ಕೂತಿದ್ದಾರೆ: ಅಯಸ್ಕಾಂತ ತಡೆಯೋಕೆ ಅಂತಲೇ ರೋಲೆಕ್ಸ್ ಮಾಡ್ತಿದ್ದ ಮಿಲ್‌ಗಾಸ್ ವಾಚಿನ ತಯಾರಿ ಈಗ ನಿಂತುಹೋಗಿದೆ, ಸೆಕೆಂಡ್ಸಲ್ಲಿ ತಗೊಳ್ಳೋದಾ, ಇಲ್ಲಾ ಒಮೆಗಾನೋ ಐಡಬ್ಲ್ಯೂಸಿನೋ ಅಂತ ಬೇರೆ ಕಂಪನಿಯದ್ದು ನೋಡೋದಾ. ಎಲ್ಲರೂ ಶುರು ಮಾಡೋದು "ಮನೆ ತುಂಬಾ ಮ್ಯಾಗ್ನೆಟ್ಟು ಕಣೋ ಈಗ, ಆಂಟಿಮ್ಯಾಗ್ನೆಟಿಕ್ ಬೇಕೇ ಬೇಕು" ಅಂತ. ಅಲ್ಲೇ ನನ್ನ ತಕರಾರು ಇರೋದು. ಬರೀ ಮ್ಯಾಗ್ನೆಟ್ ಭಯಕ್ಕೆ ಹತ್ತು ಲಕ್ಷ ಕೊಡಬೇಕಾಗಿಲ್ಲ, ಕೊಡೋದಾದ್ರೆ ಆ ವಾಚಿನ ಹಿಂದಿರೋ ಕತೆಗೆ ಕೊಡ್ತಿದ್ದೀವಿ ಅಂತ ಗೊತ್ತಿದ್ದು ಕೊಡಿ, ಅದರಲ್ಲಿ ತಪ್ಪೇನಿಲ್ಲ.

ಸ್ವಲ್ಪ ವಿಜ್ಞಾನ ನೋಡ್ಕೊಂಡು ಹೋಗೋಣ, ಇಲ್ಲಾಂದ್ರೆ ಹೋಲಿಕೆ ಅರ್ಥ ಆಗಲ್ಲ. ಮೆಕ್ಯಾನಿಕಲ್ ವಾಚಿನ ಜೀವ ಇರೋದು ಹೇರ್‌ಸ್ಪ್ರಿಂಗಲ್ಲಿ, ಕೂದಲಿನಷ್ಟು ತೆಳ್ಳಗಿನ ಸುರುಳಿ, ಅದು ಬಿಚ್ಚಿ ಮುಚ್ಚಿ ಉಸಿರಾಡೋ ಲಯದ ಮೇಲೇ ಟೈಮು ನಿಂತಿರೋದು. ಅದಕ್ಕೆ ಕಾಂತ ಹಿಡಿದ್ರೆ ಸುರುಳಿಗಳು ಒಂದಕ್ಕೊಂದು ಅಂಟ್ಕೊಳ್ತವೆ, ಸ್ಪ್ರಿಂಗು ಗಿಡ್ಡ ಆದ ಹಾಗೆ ಆಗುತ್ತೆ, ವಾಚು ಓಡುತ್ತೆ. ಈ ಸ್ಪ್ರಿಂಗಿನ ಲೋಹದ ಮೇಲೆ ಕೆಲಸ ಮಾಡಿದ ಸ್ವಿಟ್ಜರ್ಲೆಂಡಿನ ಶಾರ್ಲ್ ಎದ್ವಾರ್ ಗಿಯೋಮ್‌ಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ಲೇ ಬಂತು, ನಿಕ್ಕಲ್ ಉಕ್ಕಿನ ಮಿಶ್ರಲೋಹಗಳಿಗೆ, ಇನ್ವಾರ್, ಎಲಿನ್ವಾರ್ ಅಂತ ಹೆಸರು ಕೇಳಿರ್ತೀರಿ. ಅವರು ಸರಿಮಾಡೋಕೆ ಹೊರಟಿದ್ದು ಮುಖ್ಯವಾಗಿ ಬಿಸಿಲು ಚಳಿಗೆ ಸ್ಪ್ರಿಂಗು ಬದಲಾಗೋದನ್ನ. ಕಾಂತದ ತಲೆನೋವು ಪೂರ್ತಿ ಹೋಗೋಕೆ ಇನ್ನೂ ಎಷ್ಟೋ ದಶಕ ಬೇಕಾಯ್ತು.

ಇನ್ನು ಅಳತೆ, ಕಾಂತದ ಬಲ ಅಳೆಯೋದು ಗಾಸ್ ಲೆಕ್ಕದಲ್ಲಿ. ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್. ಮಾಮೂಲಿ ಆಂಟಿಮ್ಯಾಗ್ನೆಟಿಕ್ ವಾಚು ಅನ್ನಿಸ್ಕೊಳ್ಳೋಕೆ ಐಎಸ್‌ಓ 764 ಅನ್ನೋ ಅಂತಾರಾಷ್ಟ್ರೀಯ ಮಾನದಂಡ ಕೇಳೋದು 4,800 ಆಂಪಿಯರ್ ಪರ್ ಮೀಟರ್, ಅಂದ್ರೆ ಹತ್ತತ್ರ 60 ಗಾಸ್, ಅಷ್ಟಕ್ಕೆ ಒಡ್ಡಿದ ಮೇಲೂ ದಿನಕ್ಕೆ 30 ಸೆಕೆಂಡಿಗಿಂತ ಜಾಸ್ತಿ ವ್ಯತ್ಯಾಸ ಬರಬಾರದು. ಮಿಲ್‌ಗಾಸ್ 1,000. ಈಗಿನ ಒಮೆಗಾಗಳು 15,000. ಆಸ್ಪತ್ರೆಯ 1.5 ಟೆಸ್ಲಾ ಎಂಆರ್‌ಐ ಅಂದ್ರೂ ಅದೇ 15,000 ಗಾಸ್. ಕಣಗಳನ್ನ ಡಿಕ್ಕಿ ಹೊಡೆಸಿ ನೋಡೋ ಸೆರ್ನ್ ಪ್ರಯೋಗಾಲಯದ ದೊಡ್ಡ ಕೊಲೈಡರ್ ಒಳಗಿನ ಡೈಪೋಲ್ ಮ್ಯಾಗ್ನೆಟ್ಟು 8.3 ಟೆಸ್ಲಾ, ಅಂದ್ರೆ 83,000 ಗಾಸ್, ಅಲ್ಲಿಗೆ ಯಾವ ವಾಚೂ ಬೇಡ ಬಿಡಿ.

ವಾಚನ್ನ ಕಾಪಾಡೋಕೆ ದಾರಿ ಎರಡು. ಹಳೇದು, ಮಶೀನ್ ಸುತ್ತ ಮೆದು ಕಬ್ಬಿಣದ ಡಬ್ಬಿ ಕಟ್ಟೋದು. ಕಾಂತರೇಖೆಗಳಿಗೆ ಗಾಳಿಗಿಂತ ಕಬ್ಬಿಣ ಸಲೀಸು, ಮಳೆ ನೀರು ಚರಂಡಿ ಹಿಡಿದು ಮನೆ ಪಕ್ಕ ಹರಿದುಹೋದ ಹಾಗೆ ಅವು ಡಬ್ಬಿಯಲ್ಲೇ ಸುತ್ತಿ ಹೋಗ್ತವೆ, ಒಳಗಿನ ಮಶೀನ್ ತಂಟೆಗೆ ಬರಲ್ಲ. ಆದ್ರೆ ವಾಚು ದಪ್ಪ ಆಗುತ್ತೆ, ಹಿಂದೆ ಗಾಜು ಹಾಕಿ ಮಶೀನ್ ತೋರಿಸೋ ಹಾಗಿಲ್ಲ, ತಾರೀಖಿಗೆ ಅಂತ ಕಿಟಕಿ ಕೊರೆದ್ರೆ ಡಬ್ಬಿಗೆ ಅಷ್ಟು ತೂತು. ಹೊಸ ದಾರಿ ಅಂದ್ರೆ ಹೇರ್‌ಸ್ಪ್ರಿಂಗನ್ನೇ ಕಾಂತ ಹಿಡಿಯದ ಪದಾರ್ಥದಲ್ಲಿ ಮಾಡೋದು, ಸಿಲಿಕಾನ್, ನಿಯೋಬಿಯಂ ಮಿಶ್ರಲೋಹ, ಟೈಟಾನಿಯಂ ಆಧಾರದ ನಿವಾಕ್ರಾನ್, ಹೀಗೆ. ಡಬ್ಬಿ ಬೇಡ, ಹಿಂದೆ ಗಾಜು ಹಾಕಬಹುದು, ವಾಚು ತೆಳ್ಳಗೆ. ಸಿಲಿಕಾನಿಗೆ ಒಂದೇ ತೊಂದರೆ, ಬಗ್ಗಲ್ಲ, ಮುರಿಯುತ್ತೆ. ನಮ್ಮ ಮೈಸೂರಿನ ಯಜಮಾನರು ಚಿಮಟದಲ್ಲಿ ಹಿಡಿದು ತಿದ್ದೋ ವಸ್ತು ಅಲ್ಲ ಅದು, ಹೋಯ್ತು ಅಂದ್ರೆ ಕಂಪನಿಯಿಂದ ಹೊಸದೇ ಬರಬೇಕು.

ಹಾಗಾಗಿ ಆರಿಸೋಕೆ ಮುಂಚೆ ನಿಮ್ಮನ್ನ ನೀವೇ ಕೇಳ್ಕೊಳ್ಳಿ. ನಿಮ್ಮ ಸುತ್ತ ನಿಜವಾಗ್ಲೂ ಎಷ್ಟು ಮ್ಯಾಗ್ನೆಟ್ ಇದೆ, ಲ್ಯಾಪ್‌ಟಾಪ್ ಮುಚ್ಚಳ, ಟ್ಯಾಬ್ ಕವರು, ಮೊಬೈಲ್ ಹಿಂದಿನ ಮ್ಯಾಗ್ನೆಟ್ಟು, ಬ್ಯಾಗಿನ ಗುಂಡಿ ಇಷ್ಟೇನಾ, ಇಲ್ಲಾ ಮೋಟರು, ಜನರೇಟರು, ಲ್ಯಾಬು ಅಂತ ಓಡಾಡೋ ಕೆಲಸಾನಾ. ಹತ್ತು ವರ್ಷ ಆದ್ಮೇಲೆ ಸರ್ವೀಸ್ ಯಾರು ಮಾಡ್ತಾರೆ. ಒಂದಿನ ಮಾರೋ ಯೋಚನೆ ಇದ್ಯಾ, ಇದ್ರೆ ಎಷ್ಟು ಕಳ್ಕೊಳ್ಳೋಕೆ ತಯಾರಿದ್ದೀರಿ. ತೆಳ್ಳನೆ ಮಣಿಕಟ್ಟಿನ ಮೇಲೆ ಹದಿಮೂರು ಮಿಲಿಮೀಟರ್ ದಪ್ಪದ ವಾಚು ಅಂಗಿ ತೋಳಿಗೆ ಸಿಕ್ಕಾಕೊಂಡ್ರೆ ಸಹಿಸ್ತೀರಾ. ಕೊನೇದು, ಕತೆಗೆ ನಿಮ್ಮ ಲೆಕ್ಕದಲ್ಲಿ ಎಷ್ಟು ಬೆಲೆ. ಈ ಕೊನೇ ಪ್ರಶ್ನೆಗೆ ಜನ ನಾಚ್ಕೋತಾರೆ, ಆದ್ರೆ ಈ ರೇಟಿನ ವಾಚಲ್ಲಿ ಅರ್ಧ ದುಡ್ಡು ಹೋಗೋದು ಅದಕ್ಕೇ.

ಈಗ ಮಿಲ್‌ಗಾಸ್. ಹೆಸರಲ್ಲೇ ಲೆಕ್ಕ ಇದೆ, ಫ್ರೆಂಚಲ್ಲಿ ಮಿಲ್ ಅಂದ್ರೆ ಸಾವಿರ, ಗಾಸ್ ಅಂದ್ರೆ ಗಟಿಂಗನ್‌ನ ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗಾಸ್ ಹೆಸರಿನ ಅಳತೆ. 1950ರ ದಶಕದ ನಡುವೆ ಬಂದ ವಾಚು, 6541 ಅನ್ನೋ ನಂಬರಿನದ್ದು ಎಲ್ಲರಿಗೂ ಗೊತ್ತಿರೋ ಮೂಲ ರೂಪ, ಅದರ ಸೆಕೆಂಡಿನ ಮುಳ್ಳು ಸಿಡಿಲಿನ ಆಕಾರದ್ದು. ಜಿನೀವಾ ಪಕ್ಕದ ಸೆರ್ನ್ ಶುರುವಾಗಿದ್ದು 1954ರಲ್ಲಿ, ಅಲ್ಲಿನ ವಿಜ್ಞಾನಿಗಳು ಇದನ್ನ ಪರೀಕ್ಷೆ ಮಾಡಿ ಸಾವಿರ ಗಾಸ್ ತಡೆಯುತ್ತೆ ಅಂತ ಖಾತ್ರಿ ಮಾಡಿದ್ರು ಅನ್ನೋದು ರೋಲೆಕ್ಸ್ ಹೇಳ್ಕೊಂಡು ಬಂದಿರೋ ಮಾತು. ಒಂದು ಸಣ್ಣ ವಿಷಯ ಮಾತ್ರ ನೆನಪಿರಲಿ, ಸೆರ್ನ್‌ನಲ್ಲಿ ಕಣಗಳ ವೇಗ ಏರಿಸೋ ಮೊದಲನೇ ಯಂತ್ರ (ಆಕ್ಸಿಲರೇಟರ್), 600 ಎಂಇವಿ ಸಿಂಕ್ರೋಸೈಕ್ಲೋಟ್ರಾನ್, ಓಡೋಕೆ ಶುರುವಾಗಿದ್ದೇ 1957ರಲ್ಲಿ, ಅಂದ್ರೆ ವಾಚು ಬಂದಾಗ ಆ ಯಂತ್ರ ಇನ್ನೂ ಕಟ್ಟೋ ಹಂತದಲ್ಲಿತ್ತು. ಹಂಗಂತ ಕತೆ ಸುಳ್ಳು ಅಂತಲ್ಲ, ವಿಜ್ಞಾನಿಗಳ ಹೊಸ ಲೋಕ ಒಂದು ಕಣ್ಣೆದುರಿಗೇ ಎದ್ದು ನಿಲ್ತಾ ಇರೋವಾಗ ಅದಕ್ಕೆ ಅಂತಲೇ ಮಾಡಿದ ವಾಚು ಇದು, ನನಗೆ ಅದೇ ಇನ್ನೂ ಚೆನ್ನಾಗಿ ಕಾಣುತ್ತೆ. ಅಂದಹಾಗೆ ಸೆರ್ನ್ ಆವರಣದಲ್ಲಿ ನಮ್ಮ ದೇಶ 2004ರಲ್ಲಿ ಕೊಟ್ಟ ನಟರಾಜನ ವಿಗ್ರಹ ಇದೆ, 2017ರಿಂದ ಭಾರತ ಅಲ್ಲಿ ಅಸೋಸಿಯೇಟ್ ಸದಸ್ಯ ದೇಶ, ಹಾಗಾಗಿ ನಮ್ಮ ಕೈಗೆ ಈ ವಾಚು ತೀರಾ ಅಪರಿಚಿತ ಏನಲ್ಲ.

ಅವತ್ತಿನ ಕಾಲಕ್ಕೆ ಮಾತ್ರ ಇದು ಯಾರಿಗೂ ಬೇಡದ ವಾಚು. 1960ರಿಂದ 1988ರವರೆಗೆ 1019 ಅನ್ನೋ ನಂಬರಲ್ಲಿ ಬಂತು, ಸಿಡಿಲು ಮುಳ್ಳು ತೆಗೆದು ನೇರ ಮುಳ್ಳು ಹಾಕಿದ್ರು, ಶೋರೂಮಲ್ಲಿ ಧೂಳು ಹಿಡೀತಿತ್ತು. ಆ ಧೂಳು ಹಿಡಿದ ವಾಚಿನ ರೇಟು ಈಗ ಕೇಳಿ: 2023ರ ಮೇ ತಿಂಗಳು ಜಿನೀವಾದಲ್ಲಿ ಫಿಲಿಪ್ಸ್ ಹರಾಜಲ್ಲಿ ಒಂದು 6541 ಇಪ್ಪತ್ತೆರಡು ಲಕ್ಷ ಸ್ವಿಸ್ ಫ್ರಾಂಕಿಗೂ ಮೇಲೆ ಹೋಯ್ತು. ಫ್ರಾಂಕು, ರೂಪಾಯಿ ಅಲ್ಲ.

ನಮ್ಮ ನಿಮ್ಮ ಪ್ರಶ್ನೆ ಇರೋದು 2007ರಲ್ಲಿ ವಾಪಸ್ ಬಂದ 116400ರ ಬಗ್ಗೆ. ನಲವತ್ತು ಮಿಲಿಮೀಟರ್, 100 ಮೀಟರ್ ನೀರು ತಡೆಯುತ್ತೆ, ಒಳಗೆ 3131 ಮಶೀನು, ಕಾಂತ ಹಿಡಿಯದ ನೀಲಿ ಪ್ಯಾರಾಕ್ರೋಮ್ ಹೇರ್‌ಸ್ಪ್ರಿಂಗು, ಅದರ ಮೇಲೆ ಮತ್ತೆ ಕಬ್ಬಿಣದ ಡಬ್ಬಿ ಬೇರೆ, ಅಂದ್ರೆ ಎರಡೂ ದಾರಿ ಒಂದೇ ವಾಚಲ್ಲಿ. ತಾರೀಖು ಇಲ್ಲ. ಕಿತ್ತಳೆ ಬಣ್ಣದ ಸಿಡಿಲು ಮುಳ್ಳು ವಾಪಸ್ ಬಂತು. ಜಿವಿ ಅಂತ ಕರೆಯೋದರಲ್ಲಿ ಗಾಜೇ ಹಸಿರು, ಎದುರಿಂದ ನೋಡಿದ್ರೆ ಗೊತ್ತೇ ಆಗಲ್ಲ, ಕೈ ಸ್ವಲ್ಪ ಓರೆ ಮಾಡಿ, ಗಾಜಿನ ಅಂಚಲ್ಲಿ ತಿಳಿ ಹಸಿರು ಉಂಗುರ ಮಿಂಚಿ ಹೋಗುತ್ತೆ, ಸೋಡಾ ಬಾಟಲಿ ಅಂಚಿನ ಹಾಗೆ. ಫೋಟೋದಲ್ಲಿ ಇದು ಬರಲ್ಲ, ಕೈಯಲ್ಲಿ ಹಿಡಿದೇ ನೋಡಬೇಕು. 2014ರಲ್ಲಿ ನೀಲಿ ಡಯಲ್ಲಿನದು ಬಂತು, ಝಡ್ ಬ್ಲೂ ಅಂತ, ಚೂರು ಜಾಸ್ತಿ ಕಣ್ಣಿಗೆ ಹೊಡೆಯುತ್ತೆ ನನಗೆ, ಕೆಲವರಿಗೆ ಅದೇ ಪ್ರಾಣ. 2023ರಲ್ಲಿ ಪೂರ್ತಿ ನಿಲ್ಲಿಸಿಬಿಟ್ರು.

ಇದರ ಕಷ್ಟ ಏನು ಅಂದ್ರೆ, ದಪ್ಪ, ತೂಕ, ಮಧ್ಯದ ಕೊಂಡಿಗಳು ಮಿರಿಮಿರಿ ಪಾಲಿಶ್ ಆಗಿರೋದ್ರಿಂದ ಮೇಜಿಗೆ ತಾಗಿದ್ರೂ ಗೀರು. ಪವರ್ 48 ಗಂಟೆ, ಶುಕ್ರವಾರ ರಾತ್ರಿ ಬಿಚ್ಚಿಟ್ರೆ ಸೋಮವಾರ ಬೆಳಗ್ಗೆ ನಿಂತಿರುತ್ತೆ. ಮತ್ತೆ ಇವತ್ತಿನ ಮಾಮೂಲಿ ರೋಲೆಕ್ಸುಗಳ ಹೇರ್‌ಸ್ಪ್ರಿಂಗು ಕೂಡ ಕಾಂತಕ್ಕೆ ಅಷ್ಟಾಗಿ ಹೆದರಲ್ಲ, ಹಾಗಾಗಿ ಡಬ್ಬಿಗೆ ಅಂತ ಕೊಡೋ ದುಡ್ಡು ಕತೆಯ ಖಾತೆಗೇ ಹೋಗೋದು. ಒಳ್ಳೇದು ಏನು ಅಂದ್ರೆ, ರೋಲೆಕ್ಸ್ ಮಾಡಿರೋದರಲ್ಲಿ ಇಷ್ಟು ತುಂಟ ವಾಚು ಇನ್ನೊಂದು ಕಷ್ಟ, ನಿಂತುಹೋಗಿರೋದ್ರಿಂದ ಬೆಲೆ ಕುಸಿಯೋ ಭಯ ಕಡಿಮೆ, ಸರ್ವೀಸ್ ದೊಡ್ಡ ಊರುಗಳಲ್ಲಿ ಸಿಗುತ್ತೆ. ಸೆಕೆಂಡ್ಸಲ್ಲಿ ಬಾಕ್ಸು, ಕಾರ್ಡು ಎಲ್ಲ ಇರೋ ಜಿವಿಗೆ ಹತ್ತು ಲಕ್ಷದ ಆಚೀಚೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ, ರೇಟು ತಿಂಗಳಿಂದ ತಿಂಗಳಿಗೆ ಏರಿಳಿಯುತ್ತೆ.

ಎರಡನೇದು ಐಡಬ್ಲ್ಯೂಸಿ ಇಂಜಿನಿಯರ್, ಸ್ವಿಸ್ಸರು ಇನ್ಜೆನಿಯರ್ ಅಂತಾರೆ. ವಂಶಾವಳಿ ವಿಷಯಕ್ಕೆ ಬಂದ್ರೆ ಇದು ಮಿಲ್‌ಗಾಸ್‌ಗೆ ಅಣ್ಣನೇ ಹೊರತು ತಮ್ಮ ಅಲ್ಲ. ಕಂಪನಿ ಎರಡನೇ ಮಹಾಯುದ್ಧ ಆದ್ಮೇಲೆ 1948ರಿಂದ ಬ್ರಿಟಿಷ್ ವಾಯುಪಡೆಗೆ ಮಾರ್ಕ್ 11 ಅಂತ ಕಬ್ಬಿಣದ ಡಬ್ಬಿ ಇರೋ ವಾಚು ಮಾಡಿಕೊಟ್ಟಿತ್ತು, ವಿಮಾನದ ಕಾಕ್‌ಪಿಟ್ ತುಂಬಾ ಉಪಕರಣ ಅಲ್ವಾ. ಆ ಅನುಭವ ಇಟ್ಕೊಂಡು 1955ರಲ್ಲಿ ಇಂಜಿನಿಯರುಗಳಿಗೆ, ಡಾಕ್ಟರುಗಳಿಗೆ ಅಂತ 666 ನಂಬರಿನ ಇನ್ಜೆನಿಯರ್ ತಂದ್ರು, 80,000 ಆಂಪಿಯರ್ ಪರ್ ಮೀಟರ್, ಅದೂ ಸಾವಿರ ಗಾಸ್ ಲೆಕ್ಕದ್ದೇ, ಒಳಗೆ ಆಲ್ಬರ್ಟ್ ಪೆಲ್ಲಟನ್ ಮಾಡಿದ ಆಟೋಮ್ಯಾಟಿಕ್ ಕೀ ಕೊಡೋ ವ್ಯವಸ್ಥೆ. 1976ರಲ್ಲಿ ವಾಚ್ ಡಿಸೈನರ್ ಜೆರಾಲ್ಡ್ ಜೆಂಟಾ, ಗಾಜಿನ ಸುತ್ತಲಿನ ಉಂಗುರದ (ಬೆಜೆಲ್) ಮೇಲೆ ಐದು ಗುಳಿ ಇರೋ ಇನ್ಜೆನಿಯರ್ ಎಸ್‌ಎಲ್ ಬರೆದುಕೊಟ್ರು, ಸೆಲ್ ವಾಚುಗಳ ಹೊಡೆತದ ಕಾಲ, ಯಾರೂ ತಗೊಳ್ಳಲಿಲ್ಲ, ಈಗ ಅದಕ್ಕೇ ಕ್ಯೂ.

ನನಗೆ ಈ ಮನೆತನದಲ್ಲಿ ಬಲು ಇಷ್ಟ ಆಗೋದು ಮಾತ್ರ 1989ರ 500,000 ಆಂಪಿಯರ್ ಪರ್ ಮೀಟರ್ ಮಾಡೆಲ್ಲು. ಡಯಲ್ ಮೇಲೇ ಆ ನಂಬರ್ ಬರ್ಕೊಂಡಿತ್ತು, ಸುಮಾರು 6,300 ಗಾಸ್, ಕಬ್ಬಿಣದ ಡಬ್ಬಿಯೇ ಇಲ್ಲ, ನಿಯೋಬಿಯಂ-ಜಿರ್ಕೋನಿಯಂ ಹೇರ್‌ಸ್ಪ್ರಿಂಗು. ಮುಂದೆ ಎಲ್ಲರೂ ಹಿಡಿಯೋ ದಾರಿಯನ್ನ ಇಷ್ಟು ಬೇಗ ತೋರಿಸಿ, ಮಾಡೋದು ಕಷ್ಟ ಅಂತ ಸ್ವಲ್ಪ ವರ್ಷಕ್ಕೇ ನಿಲ್ಲಿಸಿದ್ರು. ವಿಜ್ಞಾನದ ಕತೆ ಬೇಕು ಅನ್ನೋರು ಮಿಲ್‌ಗಾಸ್ ಬಿಟ್ಟು ಇದನ್ನ ಹುಡುಕಿದ್ರೆ ನಾನಂತೂ ಭೇಷ್ ಅಂತೀನಿ, ಆದ್ರೆ ಬಿಡಿಭಾಗಕ್ಕೆ ಕಂಪನಿಯ ಬಾಗಿಲೇ ಗತಿ.

ಹೊಸದು ಬೇಕು ಅಂದ್ರೆ 2023ರ ಇನ್ಜೆನಿಯರ್ ಆಟೋಮ್ಯಾಟಿಕ್ 40. ಜೆಂಟಾ ಆಕಾರ, ಸುಮಾರು 10.7 ಮಿಲಿಮೀಟರ್ ದಪ್ಪ, ಕಬ್ಬಿಣದ ಡಬ್ಬಿ ಇದೆ, ತಾರೀಖೂ ಇದೆ, ಪವರ್ 120 ಗಂಟೆ, ಅಂದ್ರೆ ಐದು ದಿನ ಮೂಲೇಲಿಟ್ರೂ ಓಡ್ತಿರುತ್ತೆ. ಕೈ ಮೇಲೆ ಮಿಲ್‌ಗಾಸ್‌ಗಿಂತ ಎಷ್ಟೋ ಚೆನ್ನಾಗಿ ಕೂರುತ್ತೆ, ಇದು ನಾನು ಎರಡೂ ಕಟ್ಕೊಂಡು ನೋಡಿ ಹೇಳ್ತಿರೋ ಮಾತು. ಆದ್ರೆ ರೇಟು ಮಿಲ್‌ಗಾಸ್ ಮಟ್ಟಕ್ಕೇ ಹೋಗುತ್ತೆ, ಶೋರೂಮಿಂದ ಹೊರಗೆ ತಂದ ದಿನವೇ ಒಂದಷ್ಟು ಬೆಲೆ ಇಳಿಯುತ್ತೆ, ಮಾರೋ ಯೋಚನೆ ಇರೋರು ಸೆಕೆಂಡ್ಸೇ ನೋಡಿ. ಇದರ ಚೈನು ಕೇಸಿಗೇ ಸೇರ್ಕೊಂಡಿರೋದ್ರಿಂದ ಬೇರೆ ಅಂಗಡಿಯ ಬೆಲ್ಟು ಹಾಕೋಕೂ ಆಗಲ್ಲ.

ಮೂರನೇದು ಒಮೆಗಾ. 1957ರಲ್ಲಿ ಸ್ಪೀಡ್‌ಮಾಸ್ಟರ್, ಸೀಮಾಸ್ಟರ್ 300 ಜೊತೆ ಹುಟ್ಟಿದ ರೈಲ್‌ಮಾಸ್ಟರ್ ಇದೆ, ಸಿಕೆ 2914, ಹೆಸರೇ ಹೇಳೋ ಹಾಗೆ ಕರೆಂಟ್ ಸಾಮಾನಿನ ಮಧ್ಯೆ ಇರೋ ರೈಲ್ವೆಯವರಿಗೆ, ಟೆಕ್ನಿಷಿಯನ್ನುಗಳಿಗೆ ಅಂತ, ಅದೂ ಕಬ್ಬಿಣದ ಡಬ್ಬಿಯೇ. 1963ಕ್ಕೇ ನಿಂತುಹೋಯ್ತು. ಆಮೇಲೆ ಒಮೆಗಾ ಆಟವನ್ನೇ ಬದಲಾಯಿಸಿದ್ದು 2013ರಲ್ಲಿ, 15,000 ಗಾಸ್ ತಡೆಯೋ ಆಕ್ವಾ ಟೆರಾ ತಂದು, ಡಬ್ಬಿ ಇಲ್ಲದೆ, ಹಿಂದೆ ಗಾಜು ಹಾಕಿ ಮಶೀನ್ ತೋರಿಸ್ತಾ. 2015ರಿಂದ ಸ್ವಿಸ್ ಸರಕಾರದ ಅಳತೆ ಸಂಸ್ಥೆ ಮೆಟಾಸ್ ಪರೀಕ್ಷೆ ಮಾಡಿ ಮಾಸ್ಟರ್ ಕ್ರೋನೋಮೀಟರ್ ಅಂತ ಸರ್ಟಿಫಿಕೇಟ್ ಕೊಡುತ್ತೆ, ಆ 15,000 ಗಾಸ್ ಒಳಗೂ ಸೇರಿಸಿ. ದಿನಕ್ಕೆ ಸೊನ್ನೆಯಿಂದ ಐದು ಸೆಕೆಂಡ್ ಮುಂದೆ ಹೋಗಬಹುದು, ಹಿಂದೆ ಬೀಳಂಗಿಲ್ಲ.

ಕಾಗದದ ಮೇಲೆ ಇಲ್ಲಿಗೆ ಮಾತು ಮುಗೀತು ನೋಡಿ, ಹದಿನೈದು ಪಟ್ಟು ಜಾಸ್ತಿ ರಕ್ಷಣೆ, ಕಡಿಮೆ ದುಡ್ಡು. 2017ರ ರೈಲ್‌ಮಾಸ್ಟರ್, ನಲವತ್ತು ಮಿಲಿಮೀಟರಿನದು, 8806 ಮಶೀನು, 55 ಗಂಟೆ ಪವರ್, ಸೆಕೆಂಡ್ಸಲ್ಲಿ ಮಿಲ್‌ಗಾಸ್‌ನ ಅರ್ಧಕ್ಕಿಂತ ಕೆಳಗೇ ಸಿಗುತ್ತೆ. ಡಯಲ್ ಉದ್ದುದ್ದ ಉಜ್ಜಿದ ಲೋಹದ ಹಾಗಿದೆ, ಮದುವೆಗೂ ಆಯ್ತು ಫ್ಯಾಕ್ಟರಿಗೂ ಆಯ್ತು. ಆಕ್ವಾ ಟೆರಾ ಸ್ವಲ್ಪ ಜಾಸ್ತಿ ಡ್ರೆಸ್ಸು, ತಾರೀಖು ಇದೆ. ಇದರಲ್ಲಿ ಇಲ್ಲದೇ ಇರೋದು ಒಂದೇ, ಯಾರಾದ್ರೂ ನಿಮ್ಮ ಕೈ ನೋಡಿ "ಏನ್ ಸಾರ್ ಇದು" ಅಂತ ಕೇಳಲ್ಲ. ಕೆಲವರಿಗೆ ಅದೇ ನೆಮ್ಮದಿ. ಸಿಲಿಕಾನ್ ಸ್ಪ್ರಿಂಗಾದ್ದರಿಂದ ಸರ್ವೀಸಿಗೆ ಕಂಪನಿಯ ಸೆಂಟರಿಗೇ ಹೋಗಬೇಕು, ಆ ಖರ್ಚು ಈಗಲೇ ಪಕ್ಕಕ್ಕೆ ಎತ್ತಿಡಿ. ಇದೇ 15,000 ಗಾಸ್ ಸರ್ಟಿಫಿಕೇಟು ಟ್ಯೂಡರ್ ಕೂಡ 2021ರ ಬ್ಲ್ಯಾಕ್ ಬೇ ಸೆರಾಮಿಕ್‌ನಿಂದ ಶುರು ಮಾಡಿದೆ, ಡೈವರ್ ಆಕಾರ ಇಷ್ಟ ಇದ್ರೆ ಅದನ್ನೂ ಒಂದು ಸಲ ಕಟ್ಕೊಂಡು ನೋಡಿ.

ಇಷ್ಟೆಲ್ಲ ದುಡ್ಡು ಇಲ್ಲ, ಆದ್ರೆ ಮೆಕ್ಯಾನಿಕಲ್ಲೇ ಬೇಕು, ಮ್ಯಾಗ್ನೆಟ್ ಕಾಟವೂ ಬೇಡ ಅನ್ನೋರಿಗೆ ಟಿಸ್ಸೋ. ತಮಾಷೆ ಅಂದ್ರೆ ಈ ಇಡೀ ಕತೆ ಶುರು ಮಾಡಿದವರಲ್ಲಿ ಅವರೂ ಇದ್ದಾರೆ, 1930ರಲ್ಲೇ ಆಂಟಿಮ್ಯಾಗ್ನೆಟಿಕ್ ಅಂತ ಕೈಗಡಿಯಾರ ತಂದಿದ್ರು. ಈಗಿನ ಪಿಆರ್‌ಎಕ್ಸ್ ಪವರ್‌ಮ್ಯಾಟಿಕ್ 80ರಲ್ಲಿ ನಿವಾಕ್ರಾನ್ ಸ್ಪ್ರಿಂಗು, 80 ಗಂಟೆ ಪವರ್, ಒಂದು ಲಕ್ಷದ ಒಳಗೇ. ಲ್ಯಾಪ್‌ಟಾಪು ಮೊಬೈಲು ಮಧ್ಯೆ ಬದುಕೋ ನಮ್ಮ ಬೆಂಗಳೂರಿನ ಹುಡುಗರಿಗೆ ಇದು ಧಾರಾಳ ಸಾಕು. ಸೆಲ್ ವಾಚು ಇನ್ನೂ ಸುಲಭ, ಮ್ಯಾಗ್ನೆಟ್ ಹತ್ರ ಹೋದ್ರೆ ಅದರ ಮೋಟರು ನಿಲ್ಲಬಹುದು, ದೂರ ತಂದ್ರೆ ಸಾಮಾನ್ಯವಾಗಿ ಮತ್ತೆ ನಡೆಯುತ್ತೆ, ಟೈಮ್ ಸರಿ ಮಾಡ್ಕೊಂಡ್ರೆ ಆಯ್ತು. ಇನ್ನು ಮನೇಲಿ ಅಪ್ಪನದೋ ತಾತನದೋ ಎಚ್‌ಎಂಟಿ ಇದ್ಯಾ, 1961ರಲ್ಲಿ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರುವಾದ ಆ ವಾಚುಗಳಲ್ಲಿ ಒಂದು, ಅದನ್ನ ಬಿಡಬೇಡಿ, ಮೊದಲು ಹೇಳಿದ ಆ ನೀಲಿ ಡಬ್ಬಿ ಆನ್‌ಲೈನಲ್ಲಿ ಸಾವಿರ ರೂಪಾಯಿ ಒಳಗೆ ಸಿಗುತ್ತೆ, ಬಟನ್ ಒತ್ತಿಕೊಂಡೇ ವಾಚನ್ನ ದೂರ ಎತ್ತಬೇಕು, ಹತ್ರ ಇದ್ದಾಗಲೇ ಬಟನ್ ಬಿಟ್ರೆ ಕಾಂತ ಇನ್ನೂ ಜಾಸ್ತಿ ಹಿಡಿಯುತ್ತೆ. ಮೊಬೈಲಿನ ಕಂಪಾಸ್ ಆ್ಯಪ್ ತೆಗೆದು ವಾಚು ಹತ್ರ ಹಿಡಿದು ನೋಡಿ, ಮುಳ್ಳು ಗಿರಗಿಟ್ಲೆ ಆಡಿದ್ರೆ ಕಾಂತ ಹಿಡಿದಿದೆ ಅನ್ನೋ ಅನುಮಾನ ಪಡಬಹುದು. ಕಬ್ಬಿಣದ ಡಬ್ಬಿ ಇರೋ ವಾಚಲ್ಲಿ ಈ ಪರೀಕ್ಷೆ ನಂಬಬೇಡಿ, ಡಬ್ಬಿಗೇ ಮುಳ್ಳು ತಿರುಗುತ್ತೆ.

ನನ್ನ ಭಾವ ಒಬ್ಬರು ಸ್ಕ್ಯಾನಿಂಗ್ ಸೆಂಟರಲ್ಲಿ ಕೆಲಸ, "ನನಗೆ ಮಿಲ್‌ಗಾಸೇ ಸರಿ ಅಲ್ವೇನೋ" ಅಂದ್ರು. ಅಯ್ಯೋ ಭಾವ, ಅದೇ ಎಲ್ಲದಕ್ಕಿಂತ ತಪ್ಪು ಆಯ್ಕೆ ಅಂದೆ. ಎಂಆರ್‌ಐ ರೂಮಿಗೆ ಯಾವ ವಾಚೂ ಹೋಗಂಗಿಲ್ಲ, ಅದರಲ್ಲೂ ಒಳಗೆ ಮೆದು ಕಬ್ಬಿಣದ ಡಬ್ಬಿ ಇರೋ ವಾಚನ್ನ ಆ ಮಶೀನು ಕೈ ಸಮೇತ ಎಳೆಯುತ್ತೆ. ಅಂಥ ಕೆಲಸದವರು ವಾಚನ್ನ ಲಾಕರಲ್ಲಿ ಬಿಟ್ಟು ಹೋಗೋರೇ ಆದ್ದರಿಂದ, ಅವರು ಮ್ಯಾಗ್ನೆಟ್ ವಿಷಯ ಮರೆತು ಇಷ್ಟ ಆಗಿದ್ದು ತಗೊಳ್ಳಲಿ.

ಹಾಗಾಗಿ ಹೀಗೆ ನೋಡಿ. ಒಂದೇ ಒಳ್ಳೆ ವಾಚು, ದಿನಾ ಕಟ್ಟೋಕೆ, ನಾಲ್ಕೈದು ಲಕ್ಷದ ಒಳಗೆ ಅಂದ್ರೆ ಸೆಕೆಂಡ್ಸ್ ರೈಲ್‌ಮಾಸ್ಟರ್, ಎರಡನೇ ಯೋಚನೆ ಬೇಡ. ಮೋಟರು, ವೆಲ್ಡಿಂಗು ಮಧ್ಯೆ ಕೆಲಸ ಮಾಡೋರಿಗೂ ಅದೇ. ಹತ್ತು ಲಕ್ಷ ಇದೆ, ಮಾರಲ್ಲ, ಕೈ ತೆಳ್ಳಗಿದೆ ಅಂದ್ರೆ ಇನ್ಜೆನಿಯರ್. ಅದೇ ದುಡ್ಡು, ಭೌತಶಾಸ್ತ್ರ ಓದಿದೋರು, ಆ ಸಿಡಿಲು ಮುಳ್ಳು ಕನಸಲ್ಲಿ ಬರುತ್ತೆ ಅಂದ್ರೆ ಮಿಲ್‌ಗಾಸ್ ತಗೊಳ್ಳಿ, ಬೇರೆ ಏನು ತಗೊಂಡ್ರೂ ಎರಡು ವರ್ಷಕ್ಕೆ ಮಾರಿ ಇದಕ್ಕೇ ಬರ್ತೀರಿ. ಐವತ್ತರ ದಶಕದ ಹಳೇ ವಾಚಿಗೆ ಮಾತ್ರ ಒಬ್ಬರೇ ಕೈ ಹಾಕಬೇಡಿ. 2021ರಲ್ಲಿ ಮೂವತ್ತು ಲಕ್ಷ ಫ್ರಾಂಕಿಗೆ ಹರಾಜಾದ ಹಳೇ ಸ್ಪೀಡ್‌ಮಾಸ್ಟರ್ ಒಂದು ಬೇರೆ ಬೇರೆ ವಾಚಿನ ಭಾಗ ಸೇರಿಸಿ ಮಾಡಿದ್ದು ಅಂತ ಆಮೇಲೆ ಒಮೆಗಾನೇ ಹೇಳ್ತು, ದೊಡ್ಡ ದೊಡ್ಡ ತಜ್ಞರೇ ಏಮಾರೋ ಜಾಗ ಅದು.

ಜಿವಿ ನೋಡೋಕೆ ಹೋದಾಗ ಎರಡು ವಿಷಯ. ಈಚಿನ ಬೇರೆ ರೋಲೆಕ್ಸಲ್ಲಿ ಗಾಜಿನ ಆರರ ಹತ್ರ ಕಣ್ಣಿಗೆ ಕಾಣದಷ್ಟು ಸಣ್ಣ ಕಿರೀಟ ಕೊರೆದಿರ್ತಾರೆ, ಹಸಿರು ಗಾಜಲ್ಲಿ ಅದು ಇರಲ್ಲ, ಇದ್ರೆ ಅನುಮಾನ ಪಡಿ. ಹಿಂಬದಿ ಮುಚ್ಚಳ ತೆಗೆದಾಗ ಒಳಗಿನ ಡಬ್ಬಿ ಮೇಲೆ ತಲೆ ಮೇಲೆ ಬಾಣ ಇರೋ ಬಿ ಅಕ್ಷರ ಕೆತ್ತಿರಬೇಕು, ಕಾಂತಕ್ಷೇತ್ರಕ್ಕೆ ಫಿಸಿಕ್ಸಲ್ಲಿ ಬರೆಯೋ ಗುರುತು ಅದು. ಮುಚ್ಚಳವನ್ನ ಸರ್ವೀಸ್ ಸೆಂಟರಲ್ಲೇ ತೆಗೆಸಿ, ಅಂಗಡಿಯವನ ಮೇಜಿನ ಮೇಲೆ ಬೇಡ. ಹತ್ತು ಲಕ್ಷ ದಾಟಿದ ವಾಚಿಗೆ 2025ರ ಏಪ್ರಿಲ್‌ನಿಂದ ಮಾರೋರು ಒಂದು ಪರ್ಸೆಂಟ್ ಟಿಸಿಎಸ್, ಅಂದ್ರೆ ಮಾರೋವಾಗಲೇ ವಸೂಲು ಮಾಡೋ ತೆರಿಗೆ, ಹಿಡೀತಾರೆ, ರಿಟರ್ನ್ ಫೈಲ್ ಮಾಡೋವಾಗ ಅದನ್ನ ವಾಪಸ್ ಲೆಕ್ಕಕ್ಕೆ ತಗೋಬಹುದು, ಅದಕ್ಕೆ ಪಾನ್ ನಂಬರ್ ಹಾಕಿದ ಬಿಲ್ಲು ಕೇಳಿ ಇಸ್ಕೊಳ್ಳಿ. ದುಬೈನಿಂದ ಯಾರೋ ಕೈಯಲ್ಲಿ ಕಟ್ಕೊಂಡು ಬರ್ತಾರೆ, ಕಸ್ಟಮ್ಸ್ ಕಟ್ಟೋದು ಬೇಡ, ಒಂದು ಲಕ್ಷ ಉಳಿಯುತ್ತೆ ಅನ್ನೋರ ಹತ್ರ ಮಾತ್ರ ತಗೋಬೇಡಿ, ನಾಳೆ ಮಾರೋಕೆ ಹೋದಾಗ ಬಿಲ್ ಎಲ್ಲಿ ಅಂತ ಮೊದಲು ಕೇಳ್ತಾರೆ.